ಬ್ಯಾಳಿ ಯಾಕ ಬೇಯವಲ್ದು?



ರಸಾಯನಶಾಸ್ತ್ರ ಅಂದ ಕೂಡಲೇ ಗಾಜಿನ ನಳಿಕೆ, ಬಣ್ಣಬಣ್ಣದ ದ್ರಾವಣ, ಘಾಟು ಹೊಗೆ ಕಣ್ಣ ಮುಂದೆ ಬರುತ್ತವೆ. ನಮ್ಮ ಶಾಲೆಯ ಕಪಾಟಿನಲ್ಲಿ ಅಂಥ ಸಾಮಾನು ಬೆರಳೆಣಿಕೆಯಷ್ಟು. ಆದರೆ ನಿಮ್ಮೆಲ್ಲರ ಮನೆಯಲ್ಲೂ ದಿನಕ್ಕೆ ಎರಡು ಹೊತ್ತು ನಡೆಯುವ ಪ್ರಯೋಗಶಾಲೆ ಒಂದಿದೆ. ಅಲ್ಲಿ ಆಮ್ಲ ಇದೆ: ಹುಣಸಿಹಣ್ಣು, ಲಿಂಬಿಹಣ್ಣು, ಹುಳಿ ಮಜ್ಜಿಗಿ. ಪ್ರತ್ಯಾಮ್ಲ ಇದೆ: ಅಡಿಗಿ ಸೋಡಾ, ಅಜ್ಜನ ಎಲಿಚೀಲದಾಗಿನ ಸುಣ್ಣ. ಇವೆರಡನ್ನೂ ಗುರುತಿಸಿ ಹೇಳುವ ಸೂಚಕ ಕೂಡ ಇದೆ, ಅದು ಅರಿಷಿಣ. ಅಡಿಗಿ ಮಾಡುವ ನಿಮ್ಮ ಅವ್ವನೇ ಅಲ್ಲಿಯ ಮುಖ್ಯಸ್ಥೆ.

ಏಳನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. "ಸರ, ನಮ್ಮ ಮನ್ಯಾಗ ಎಷ್ಟು ಕುದಿಸಿದ್ರೂ ಬ್ಯಾಳಿ ಬೇಯವಲ್ದು. ಅವ್ವ ಸೋಡಾ ಹಾಕತಾಳ. ನಮ್ಮ ಆಯಿ ಊರಾಗ ಸೋಡಾ ಹಾಕೂದೇ ಇಲ್ಲ, ಆದ್ರೂ ಬ್ಯಾಳಿ ಬೆಣ್ಣಿಯಂಗ ಆಗತೈತಿ. ಯಾಕ್ರೀ?" ಬ್ಯಾಳಿ ಎರಡೂ ಕಡೆ ಅವರದೇ ಹೊಲದ್ದು. ಒಲಿಯೂ ಕಟ್ಟಿಗಿ ಒಲಿಯೇ. ಅಂದಮೇಲೆ ವ್ಯತ್ಯಾಸ ಇರುವುದು ಒಂದೇ ಕಡೆ, ನೀರಿನಲ್ಲಿ.

ಬ್ಯಾಳಿ ಬೇಯುವುದು ಎಂದರೇನು? ತೊಗರಿ ಬ್ಯಾಳಿಯ ಒಂದು ಹೋಳನ್ನು ಒಂದು ಗ್ವಾಡಿ ಎಂದು ತಿಳಿಯಿರಿ. ಅದರ ಇಟ್ಟಂಗಿಗಳೇ ಜೀವಕೋಶಗಳು. ಇಟ್ಟಂಗಿ ಇಟ್ಟಂಗಿಯ ನಡುವೆ ಗಾರೆ ಇರುವಂತೆ ಕೋಶ ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಬಿಸಿ ನೀರಿನಲ್ಲಿ ಈ ಅಂಟು ನಿಧಾನವಾಗಿ ಕರಗುತ್ತದೆ, ಇಟ್ಟಂಗಿಗಳು ಬಿಡಿಬಿಡಿಯಾಗುತ್ತವೆ, ಒಳಗಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಆಗ ಕಡಗೋಲು ಆಡಿಸಿದರೆ ಬ್ಯಾಳಿ ನುಣ್ಣಗಾಗುತ್ತದೆ. ಗಾರೆ ಕರಗದಿದ್ದರೆ ಗ್ವಾಡಿ ಬೀಳುವುದಿಲ್ಲ. ಬ್ಯಾಳಿ ತಳದಲ್ಲಿ ಹರಳಿನಂತೆ ಕೂಡುತ್ತದೆ, ನೀರು ಮೇಲೆ ಬೇರೆಯಾಗಿ ನಿಲ್ಲುತ್ತದೆ.

ಆ ಗಾರೆಯನ್ನು ಗಟ್ಟಿ ಮಾಡುವವರು ಇಬ್ಬರು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಪೆಕ್ಟಿನ್ ಎಂಬುದು ಉದ್ದನೆಯ ಎಳೆಗಳ ಪದಾರ್ಥ. ಕ್ಯಾಲ್ಸಿಯಂ ಎರಡು ಕೈಯವನು. ಒಂದು ಕೈಯಿಂದ ಒಂದು ಎಳೆ, ಇನ್ನೊಂದು ಕೈಯಿಂದ ಪಕ್ಕದ ಎಳೆ ಹಿಡಿದು ಗಂಟು ಹಾಕುತ್ತಾನೆ. ಇಂಥ ಸಾವಿರ ಗಂಟು ಬಿದ್ದರೆ ಅಂಟು ಕರಗುವುದಾದರೂ ಹೇಗೆ? ಯಾವ ನೀರಿನಲ್ಲಿ ಈ ಇಬ್ಬರೂ ಹೆಚ್ಚಾಗಿರುತ್ತಾರೋ ಅದಕ್ಕೆ ಗಡಸು ನೀರು ಎನ್ನುತ್ತಾರೆ. ಹುಡುಗನ ಮನೆಗೆ ಬರುವುದು ಕೊಳವಿಬಾಂವಿಯ ಗಡಸು ನೀರು. ಅವರ ಆಯಿ ಊರಿಗೆ ಬರುವುದು ಹೊಳಿ ನೀರು.

ಈ ಕ್ಯಾಲ್ಸಿಯಂ ನಮ್ಮ ಬಾಂವಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಅಡಿಗಿ ಮನೆ ಬಿಟ್ಟು ಹೊಲಕ್ಕೆ ಹೋಗಬೇಕು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ನೆಲದ ಕೆಳಗೆ ಬಹುಮಟ್ಟಿಗೆ ಕಪ್ಪನೆಯ ಬಸಾಲ್ಟ್ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಉಕ್ಕಿದ ಲಾವಾ ಆರಿ ಆದ ಕಲ್ಲು ಅದು. ಅದೇ ಸವೆದು ನಮ್ಮ ಎರಿಮಣ್ಣಾಗಿದೆ. ಮೊದಲು ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟಿ ಸುತ್ತ ಸುಣ್ಣಕಲ್ಲಿನ ಪದರುಗಳಿವೆ. ನೀವು ಮನೆಯಲ್ಲಿ ಹಾಸಿದ ಫರ್ಸಿ ಅಲ್ಲಿಯದೇ ಇರಬಹುದು. ಎರಿಹೊಲದಲ್ಲಿ ರಂಟಿ ಹೊಡೆದಾಗ ಬೆಳ್ಳನೆಯ ಸಣ್ಣ ಸುಣ್ಣದ ಹರಳು ಮೇಲೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಅಂಥದೊಂದು ಹರಳು ತಂದು ತೊಳೆದು ತಾಟಿನಲ್ಲಿಟ್ಟು ಲಿಂಬಿಹಣ್ಣು ಹಿಂಡಿರಿ. ಚುರ್ ಎಂದು ಗುಳ್ಳೆ ಏಳುತ್ತವೆ. ಹರಳಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಲಿಂಬಿಯಲ್ಲಿರುವುದು ಸಿಟ್ರಿಕ್ ಆಮ್ಲ. ಎರಡೂ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. (ಇಂಡಿ ಲಿಂಬಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಮಗೆ ಪ್ರಯೋಗಕ್ಕೆ ಆಮ್ಲ ಬೇಕಾದರೆ ದೂರ ಹೋಗಬೇಕಾಗಿಲ್ಲ!)

ಮಳೆನೀರು ಮಾಡುವುದೂ ಇದೇ ಕೆಲಸವನ್ನು, ಆದರೆ ಸದ್ದಿಲ್ಲದೆ. ಮಳೆಹನಿ ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಅಂಗಡಿಯಲ್ಲಿ ಸಿಗುವ ಗೋಲಿ ಸೋಡಾದಲ್ಲಿ ಇರುವುದೂ ಅದೇ ಆಮ್ಲ. ಅದು ಹರಳನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡಿ ಬಾಂವಿಗೆ ಇಳಿಸುತ್ತದೆ. ಕಣ್ಣಿಗೆ ಏನೂ ಕಾಣದು, ನೀರು ತಿಳಿಯಾಗಿಯೇ ಇರುತ್ತದೆ.

ಆ ನೀರನ್ನು ಜಳಕದ ಹಂಡೆಯಲ್ಲಿ ಕಾಯಿಸಿದಾಗ ಇಡೀ ಕ್ರಿಯೆ ಹಿಂದಕ್ಕೆ ತಿರುಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತೆ ಗಟ್ಟಿಯಾಗಿ ಹಂಡೆಯ ಒಳಮೈಗೆ ಅಂಟುತ್ತದೆ. ಹಂಡೆಯೊಳಗೆ ಬೆಳ್ಳಗೆ ಕಟ್ಟಿರುವ ಹೆಪ್ಪಳಿಕೆ ನಿಮ್ಮ ಹೊಲದ ಹರಳೇ! ನಂಬಿಕೆ ಬರದಿದ್ದರೆ ಒಂದು ಚೂರು ಕೆತ್ತಿ ತೆಗೆದು ಅದರ ಮೇಲೂ ಲಿಂಬಿ ಹಿಂಡಿರಿ. ಅದೇ ಚುರ್ ಸದ್ದು ಕೇಳಿಸುತ್ತದೆ. ಎಂಟನೇ ತರಗತಿಯ ಒಬ್ಬ ಹುಡುಗಿ ಇದನ್ನು ನೋಡಿ, "ಹಂಗಾದ್ರ ಹೊಲ ಮನಿಗೇ ಬಂತಲ್ರೀ ಸರ" ಅಂದಳು. ನನ್ನ ಅರ್ಧ ತಾಸಿನ ಪಾಠವನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ದಸರಾ ಸೂಟಿಯಲ್ಲಿ ಆಯಿ ಊರಿಗೆ, ಸೋದರಮಾವನ ಊರಿಗೆ ಹೋದವರಿಗೆಲ್ಲ ಒಂದೊಂದು ಬಾಟ್ಲಿ ನೀರು ತರಲು ಹೇಳಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕೂ ತಾಲೂಕಿನ ನೀರು ಬಂತು. ಬೋರಿನ ನೀರು, ಸೇದುವ ಬಾಂವಿ ನೀರು, ಕೃಷ್ಣೆಯ ಕಡೆಯ ನಳದ ನೀರು, ಭೀಮೆಯ ನೀರು, ಡೋಣಿ ದಂಡೆಯ ಒಂದು ಬಾಟ್ಲಿ ಕೂಡ. ಇವುಗಳ ಜೊತೆ ನಮ್ಮ ಶಾಲೆಯ ಮಾಳಗಿಯಿಂದ ಹಿಡಿದಿಟ್ಟ ಮಳೆನೀರು. ಪರೀಕ್ಷೆ ಬಹಳ ಸರಳ. ಒಂದೇ ಅಳತೆಯ ಸಣ್ಣ ಬಾಟ್ಲಿಗಳಲ್ಲಿ ಒಂದೇ ಮಟ್ಟಕ್ಕೆ ನೀರು ಹಾಕಿ, ಸಾಬೂನು ಕರಗಿಸಿದ ನೀರನ್ನು ಹನಿಹನಿಯಾಗಿ ಬಿಡುತ್ತ, ಪ್ರತಿ ಸಲ ಮುಚ್ಚಿ ಕುಲುಕಿ, ನೊರೆ ನಿಲ್ಲುವವರೆಗೆ ಹನಿ ಎಣಿಸಬೇಕು. ಔಷಧ ಬಾಟ್ಲಿಯ ಡ್ರಾಪರ್ ಸಾಕು. ಆದರೆ ಬಟ್ಟಿ ತೊಳೆಯುವ ಪೌಡರು ಮಾತ್ರ ಬೇಡ. ಅದು ಡಿಟರ್ಜಂಟ್, ಗಡಸು ನೀರಿನಲ್ಲೂ ನೊರೆ ಕೊಡುವಂತೆಯೇ ಅದನ್ನು ಮಾಡಿರುತ್ತಾರೆ. ಎಣ್ಣೆಯಿಂದ ಮಾಡಿದ ನಿಜವಾದ ಸಾಬೂನೇ ಬೇಕು.

ಮಳೆನೀರಿನಲ್ಲಿ ಎರಡು ಮೂರು ಹನಿಗೇ ನೊರೆ ನಿಂತಿತು. ಹೊಳಿಯ ನಳದ ನೀರು ಇನ್ನೂ ಕೆಲವು ಹನಿ ಕೇಳಿತು. ಬೋರಿನ ನೀರಿಗೆ ಹನಿ ಹಾಕಿ ಹಾಕಿ ಕೈ ಸೋತಿತು. ಅದರಲ್ಲಿ ನೊರೆಯ ಬದಲು ಮೊಸರು ಒಡೆದಂತೆ ಬೆಳ್ಳನೆಯ ಕಸ ತೇಲಿತು. ಸಾಬೂನು ಕ್ಯಾಲ್ಸಿಯಂ ಜೊತೆ ಕೂಡಿ ನೀರಿನಲ್ಲಿ ಕರಗದ ಪದಾರ್ಥವಾಗುತ್ತದೆ, ಆ ಕಸ ಅದೇ. ಕ್ಯಾಲ್ಸಿಯಂ ಎಲ್ಲ ತೀರಿದ ಮೇಲಷ್ಟೇ ನೊರೆಯ ಪಾಳಿ. ಅಂಥ ಊರಿನಲ್ಲಿ ನಿಮ್ಮ ಅವ್ವ ಸಾಬೂನಿಗೆ ಕೊಡುವ ರೊಕ್ಕದಲ್ಲಿ ಒಂದು ಪಾಲು ಕ್ಯಾಲ್ಸಿಯಂನ ಹೊಟ್ಟೆಗೇ ಹೋಗುತ್ತದೆ. ಡೋಣಿ ನೀರು ಉಪ್ಪಿನದು ಎಂದು ಹಿರಿಯರು ಹೇಳುವುದು ನಿಜ, ಅದರಲ್ಲೂ ನೊರೆ ಏಳಲು ತಿಣುಕಿತು. ಇಲ್ಲಿ ಎರಡು ಮಾತು ಹೇಳಬೇಕು. ಒಂದು ಬಾಟ್ಲಿ ನೋಡಿ ಇಡೀ ತಾಲೂಕಿನ ನೀರು ಹೀಗೇ ಎಂದು ಬರೆಯಬಾರದು. ಒಂದೇ ಊರಿನ ಎರಡು ಬೋರುಗಳ ನೀರು ಬೇರೆಬೇರೆ ಇರುತ್ತದೆ. ಮತ್ತೆ, ಎಲ್ಲಿಂದಲೋ ತಂದ ನೀರನ್ನು ರುಚಿ ನೋಡಲೆಂದು ನಾಲಿಗೆಗೆ ಹಚ್ಚಬೇಡಿರಿ.

ಇನ್ನು ಬ್ಯಾಳಿಯ ಪ್ರಯೋಗ. ಇದನ್ನು ಮಾಡಿದ್ದು ಬಿಸಿಯೂಟದ ಕೋಣೆಯಲ್ಲಿ, ಅಡಿಗಿ ಅಕ್ಕನವರ ಕಣ್ಣೆದುರಿಗೆ. ಒಂದೇ ಚೀಲದ ಬ್ಯಾಳಿ, ಒಂದೇ ವಾಟಿ ಅಳತೆ, ಒಂದೇ ಗಾತ್ರದ ನಾಲ್ಕು ಡಬರಿ. ಉರಿಯೂ ಒಂದೇ ಸಮನೆ ಇರಬೇಕು. ಒಂದೇ ಒಂದು ಸಂಗತಿಯನ್ನು ಬದಲಿಸಿ ಉಳಿದದ್ದೆಲ್ಲ ಹಾಗೇ ಇಟ್ಟರೆ ಮಾತ್ರ ಅದು ಪ್ರಯೋಗ, ಇಲ್ಲದಿದ್ದರೆ ಬರೀ ಅಡಿಗಿ. ಮೊದಲನೆಯದಕ್ಕೆ ಮಳೆನೀರು, ಎರಡನೆಯದಕ್ಕೆ ಬೋರಿನ ನೀರು, ಮೂರನೆಯದಕ್ಕೆ ಬೋರಿನ ನೀರು ಮತ್ತು ಹುಣಸಿಹುಳಿ, ನಾಲ್ಕನೆಯದಕ್ಕೆ ಬೋರಿನ ನೀರು ಮತ್ತು ಚಿಟಿಕೆ ಅಡಿಗಿ ಸೋಡಾ. ನಾಲ್ಕಕ್ಕೂ ಅರಿಷಿಣ. ಐದೈದು ನಿಮಿಷಕ್ಕೊಮ್ಮೆ ಒಂದೊಂದು ಬ್ಯಾಳಿ ತೆಗೆದು ಬೆರಳಲ್ಲಿ ಹಿಚುಕಿ ವಹಿಯಲ್ಲಿ ಬರೆಯುವುದು ಮಕ್ಕಳ ಕೆಲಸ.

ಸೋಡಾ ಹಾಕಿದ ಬ್ಯಾಳಿ ಎಲ್ಲಕ್ಕಿಂತ ಮೊದಲು ಕರಗಿತು. ಆಮೇಲೆ ಮಳೆನೀರಿನದು. ಬರೀ ಬೋರಿನ ನೀರಿನ ಬ್ಯಾಳಿ ಬಹಳ ಹೊತ್ತು ತೆಗೆದುಕೊಂಡಿತು. ಹುಣಸಿಹುಳಿ ಹಾಕಿದ್ದು ಊಟದ ಗಂಟೆ ಹೊಡೆದರೂ ಗಟ್ಟಿಯಾಗಿಯೇ ಇತ್ತು! ಆಮ್ಲದಲ್ಲಿ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ನಮ್ಮ ಅವ್ವಂದಿರು ಬ್ಯಾಳಿ ಪೂರ್ತಿ ಕುದ್ದ ಮೇಲೆಯೇ ಹುಳಿ ಹಿಂಡುತ್ತಾರೆ. ಅಡಿಗಿ ಅಕ್ಕ ನಕ್ಕರು: "ಇದನ್ನ ನನ್ನ ಕೇಳಿದ್ರ ನಾನೇ ಹೇಳ್ತಿದ್ನೆಲ್ರೀ ಸರ." ಖರೆ, ಅವರಿಗೆ ಗೊತ್ತಿತ್ತು. ಯಾಕೆ ಎಂಬುದನ್ನು ಆ ದಿನ ಅವರೂ ಮಕ್ಕಳೊಂದಿಗೆ ಕೂತು ಕೇಳಿದರು.

ಸೋಡಾ ಗೆದ್ದಿತಲ್ಲ, ಹಾಗಾದರೆ ದಿನಾ ಹಾಕೋಣ ಎನ್ನುತ್ತೀರೇನು? ಸೋಡಾ ಪ್ರತ್ಯಾಮ್ಲ. ಅದು ಪೆಕ್ಟಿನ್ ಎಳೆಗಳನ್ನು ಕತ್ತರಿಸುತ್ತದೆ, ಕ್ಯಾಲ್ಸಿಯಂ ಅನ್ನು ಕಾರ್ಬೊನೇಟ್ ಮಾಡಿ ಬದಿಗೆ ಸರಿಸುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಬ್ಯಾಳಿಯಲ್ಲಿ ಥಯಾಮಿನ್ ಎಂಬ ಜೀವಸತ್ವ ಇದೆ, ಬಿ-1 ಎಂದೂ ಕರೆಯುತ್ತಾರೆ. ಪ್ರತ್ಯಾಮ್ಲ ಮತ್ತು ಕಾವು ಎರಡೂ ಕೂಡಿದರೆ ಅದು ಬೇಗ ನಾಶವಾಗುತ್ತದೆ. ನಾವು ತಿನ್ನುವ ಅನ್ನವನ್ನು ಶರೀರ ಶಕ್ತಿಯಾಗಿ ಮಾಡಿಕೊಳ್ಳಲು ಈ ಜೀವಸತ್ವ ಬೇಕೇ ಬೇಕು. ಬ್ಯಾಳಿ ಮೆತ್ತಗಾಯಿತು, ಅದರ ಸತ್ವ ಹೋಯಿತು. ಸೋಡಾ ಹೆಚ್ಚಾಗಿದೆ ಎಂಬುದನ್ನು ತಿಳಿಸಲು ಡಬರಿಯಲ್ಲೇ ಒಬ್ಬ ಚಾಡಿಕೋರ ಇದ್ದಾನೆ, ಅರಿಷಿಣ. ಆಮ್ಲದಲ್ಲಿ ಅದು ಹಳದಿ, ಪ್ರತ್ಯಾಮ್ಲದಲ್ಲಿ ಕೆಂಪು. ಸೋಡಾ ಜಾಸ್ತಿಯಾದ ಬ್ಯಾಳಿ ಕೆಂಪು ಬಣ್ಣಕ್ಕೆ ತಿರುಗುವುದು ಇದರಿಂದಲೇ. ಆರತಿ ತಾಟಿನ ನೀರಿಗೆ ಅರಿಷಿಣ ಮತ್ತು ಸುಣ್ಣ ಕಲಸಿದಾಗ ಕೆಂಪಾಗುವುದೂ, ಅಂಗಿಯ ಮೇಲಿನ ಸಾರಿನ ಕಲೆ ಸಾಬೂನು ಹಚ್ಚಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ. ಇನ್ನೊಂದು ಎಚ್ಚರಿಕೆ. ಅಡಿಗಿ ಸೋಡಾ ಬೇರೆ, ಬಟ್ಟಿ ಸೋಡಾ ಬೇರೆ. ನೋಡಲು ಎರಡೂ ಬಿಳಿ ಪುಡಿ. ಬಟ್ಟಿ ಸೋಡಾ ಬಹಳ ತೀಕ್ಷ್ಣ, ಹೊಟ್ಟೆಗೆ ಹೋಗಬಾರದು. ಅರಿಷಿಣದ ನೀರಿಗೆ ಹಾಕಿದರೆ ಬಟ್ಟಿ ಸೋಡಾ ಕೂಡಲೇ ಕಡುಕೆಂಪು ಮಾಡುತ್ತದೆ, ಅಡಿಗಿ ಸೋಡಾದಿಂದ ಅಷ್ಟು ಗಾಢ ಬಣ್ಣ ಬರುವುದಿಲ್ಲ. ಆದರೂ ಡಬ್ಬಿಗಳ ಮೇಲೆ ಹೆಸರು ಬರೆದು ಬೇರೆಬೇರೆ ಕಡೆ ಇಡುವುದೇ ಒಳ್ಳೆಯದು.

ಸೋಡಾ ಇಲ್ಲದೆ ದಾರಿ ಇದೆ. ಬ್ಯಾಳಿಯನ್ನು ಒಂದು ತಾಸು ನೆನೆಹಾಕಿರಿ. ಗಡಸು ನೀರನ್ನು ಮೊದಲೇ ಹತ್ತು ಹದಿನೈದು ನಿಮಿಷ ಕುದಿಸಿ, ಆರಲು ಬಿಟ್ಟು, ತಳದ ಬಿಳಿ ಕಸ ಅಲುಗದಂತೆ ಮೇಲಿನ ನೀರು ಬಗ್ಗಿಸಿಕೊಂಡರೆ ಗಡಸುತನದ ಒಂದು ಭಾಗ ಹೋಗುತ್ತದೆ. ಉರುವಲು ಮಾತ್ರ ಹೆಚ್ಚು ಬೇಕು. ಕುಕ್ಕರ್ ಇದ್ದವರಿಗೆ ಇನ್ನೂ ಸುಲಭ. ಸಮುದ್ರದ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಾವು ಸಮುದ್ರಮಟ್ಟಕ್ಕಿಂತ ಐನೂರು ಆರುನೂರು ಮೀಟರ್ ಎತ್ತರದಲ್ಲಿರುವುದರಿಂದ ನಮ್ಮಲ್ಲಿ 98ರ ಆಸುಪಾಸು. ಕುಕ್ಕರಿನೊಳಗೆ ಹಬೆಯ ಒತ್ತಡದಿಂದ 120 ಡಿಗ್ರಿಯವರೆಗೂ ಏರುತ್ತದೆ. ಆ ಕಾವಿಗೆ ಕ್ಯಾಲ್ಸಿಯಂನ ಗಂಟೂ ಸಡಿಲವಾಗುತ್ತದೆ. ಒಂದು ಮಾತು: ಕುಕ್ಕರಿನ ಮುಚ್ಚಳಕ್ಕೆ ಮಕ್ಕಳು ಕೈ ಹಚ್ಚಬಾರದು. ಒಲಿಯ ಮುಂದೆ ಯಾವ ಪ್ರಯೋಗ ಮಾಡಿದರೂ ದೊಡ್ಡವರು ಪಕ್ಕದಲ್ಲಿರಬೇಕು.

ಹೀಗೆ ಕೈಗೆ ಸಿಗುವ ವಸ್ತುಗಳಿಂದ ವಿಜ್ಞಾನ ಕಲಿಸುವುದು ನಾನು ಕಂಡುಹಿಡಿದ ಹೊಸ ಮಾತಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಿಂದ ಇಂಥ ಕಾರ್ಯಕ್ರಮವೊಂದು ಶುರುವಾಗಿ 2002ರವರೆಗೆ ನಡೆಯಿತು. ಬಾಯಿಪಾಠ ಬಿಟ್ಟು ಮಾಡಿ ನೋಡು ಎನ್ನುವುದೇ ಅದರ ತಿರುಳು.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರುತ್ತೇನೆ. ದಯವಿಟ್ಟು ಇಲ್ಲಿಂದ ಮುಂದಿನದನ್ನು ಮನೆಯಲ್ಲಿ ಓದಿ ಹೇಳಿರಿ.

ನಮ್ಮ ಶಾಲೆಯಲ್ಲಿ ಕೆಲವು ಮಕ್ಕಳು ನಗುವಾಗ ಕೈ ಬಾಯಿಗೆ ಹೋಗುತ್ತದೆ. ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣ ಬಳಿದಂಥ ಬಿಳಿ ಮಚ್ಚೆ. "ಹಲ್ಲು ತಿಕ್ಕೂದಿಲ್ಲೇನ?" ಎಂದು ಬಂದವರೆಲ್ಲ ಬೈಯುತ್ತಾರೆ. ಬೂದಿ, ಇದ್ದಿಲು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದವರನ್ನೂ ನೋಡಿದ್ದೇನೆ. ಆ ಕಲೆ ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲು ಬೆಳೆಯುವಾಗಲೇ ಒಳಗೆ ಸೇರಿದ್ದು. ತಿಕ್ಕಿದರೆ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಎಲ್ಲ ಕಲೆಯೂ ಇದೇ ಅಲ್ಲ, ದಂತವೈದ್ಯರಿಗೆ ತೋರಿಸಿ ಕೇಳಬೇಕು. ಆದರೆ ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ನೀರಿನಲ್ಲಿ ಕರಗಿದ ಫ್ಲೋರೈಡ್. ನಮ್ಮ ವಿಜಯಪುರ ಜಿಲ್ಲೆಯ ಹಲವಾರು ಕೊಳವಿಬಾಂವಿಗಳಲ್ಲಿ ಅದು ಮಿತಿ ಮೀರಿದೆ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಾಗ 1.5ರವರೆಗೆ. ಅಂದರೆ ಸಾವಿರ ಲೀಟರಿನ ಒಂದು ಟಾಕಿಗೆ ಬರೀ ಒಂದೂವರೆ ಗ್ರಾಂ. ಅದನ್ನು ಮೀರಿದ ನೀರು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಹಲ್ಲು ಕೆಡುತ್ತದೆ, ಬಹಳ ಹೆಚ್ಚಾದರೆ ಎಲುಬು ಮತ್ತು ಕೀಲು ಕೂಡ ಬಿಗಿಯುತ್ತವೆ.

ಇದನ್ನು ನಮ್ಮ ಅಡಿಗಿ ಮನೆ ಪ್ರಯೋಗಶಾಲೆ ಕಂಡುಹಿಡಿಯಲಾರದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆ ಇಲ್ಲ, ಇಷ್ಟು ಕಡಿಮೆ ಪ್ರಮಾಣದಲ್ಲಿ ರುಚಿಯೂ ಗೊತ್ತಾಗದು. ಸಾಬೂನಿನ ಪರೀಕ್ಷೆಯಲ್ಲಿ ನೊರೆ ಚೆನ್ನಾಗಿ ಬಂತು, ಬ್ಯಾಳಿ ಬೇಗ ಬೆಂದಿತು, ನಮ್ಮ ಬೋರಿನದು ಸಿಹಿನೀರು ಎಂದು ನೆಮ್ಮದಿಯಾಗಿರುವಂತಿಲ್ಲ. ಹೆಚ್ಚು ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡಿನ ಸ್ವಲ್ಪ ಭಾಗ ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಪದಾರ್ಥವಾಗಿ ಕೆಳಗೇ ಉಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಹೆಚ್ಚು ಇರುವ ಮೆತ್ತನೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಾಗಿ ಕರಗಿರಬಲ್ಲದು. ಬ್ಯಾಳಿಗೆ ಒಳ್ಳೆಯದಾದ ನೀರು ಹಲ್ಲಿಗೂ ಒಳ್ಳೆಯದು ಎಂದು ತಿಳಿಯಬಾರದು.

ಕಾಯಿಸಿ ಆರಿಸಿ ಕುಡಿದರೆ? ರೋಗಾಣು ಸಾಯುತ್ತವೆ, ಅದು ಒಳ್ಳೆಯದೇ. ಫ್ಲೋರೈಡ್ ಮಾತ್ರ ಹಬೆಯಾಗಿ ಹಾರುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಇರುವ ನಾಲ್ಕು ಲೀಟರ್ ನೀರು ಕುದಿದು ಎರಡು ಲೀಟರ್ ಆದರೆ ಉಳಿದ ನೀರಿನಲ್ಲಿ ಅದು 3 ಮಿಲಿಗ್ರಾಂ ಆಗುತ್ತದೆ. ಲೆಕ್ಕ ನೀವೇ ಮಾಡಿ ನೋಡಿರಿ. ಅರಿವಿಯಿಂದ ಸೋಸಿದರೆ ಕಸ ಹೋಗುತ್ತದೆ, ಇದು ಹೋಗುವುದಿಲ್ಲ. ತುರಟಿ, ಅಂದರೆ ಪಟಿಕ, ತಿರುವಿದರೆ ಹೋಗುತ್ತದಂತಲ್ಲ ಎಂದು ಒಬ್ಬ ಹಿರಿಯರು ಕೇಳಿದರು. ಪಟಿಕ ಮತ್ತು ಸುಣ್ಣದಿಂದ ಫ್ಲೋರೈಡ್ ಇಳಿಸುವ ನಲಗೊಂಡ ವಿಧಾನ ಎಂಬುದು ಇದೆ. ಆದರೆ ಅದರಲ್ಲಿ ನೀರು ಪರೀಕ್ಷಿಸಿ ಅಳತೆ ಪ್ರಕಾರವೇ ಹಾಕಬೇಕು. ಅಂದಾಜಿನ ಮೇಲೆ ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ರಿವರ್ಸ್ ಆಸ್ಮೋಸಿಸ್ ಯಂತ್ರವಿರುವ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅದು ಫ್ಲೋರೈಡ್ ತೆಗೆಯುತ್ತದೆ. ಹೊಳಿ ನೀರು, ಸ್ವಚ್ಛವಾಗಿ ಹಿಡಿದ ಮಳೆನೀರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ.

ಇಷ್ಟು ಗೊತ್ತಿದ್ದ ಮನೆಗಳಲ್ಲೂ ಒಂದು ರೂಢಿ ಇದೆ. ಕುಡಿಯಲು ಘಟಕದ ಕ್ಯಾನಿನ ನೀರು, ಅಡಿಗಿಗೆ ಬೋರಿನ ನೀರು. "ಹೆಂಗೂ ಕುದೀತೈತೆಲ್ಲ" ಎನ್ನುತ್ತಾರೆ. ಅನ್ನ ತನ್ನ ತೂಕಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಬ್ಯಾಳಿ, ಸಾರು, ಚಹಾ ಎಲ್ಲದರಲ್ಲೂ ಇರುವುದು ನೀರೇ. ಆ ನೀರಿನ ಫ್ಲೋರೈಡ್ ತಾಟಿಗೆ ಬಂದೇ ಬರುತ್ತದೆ. ಆದ್ದರಿಂದ ಬೋರಿನಲ್ಲಿ ಫ್ಲೋರೈಡ್ ಇದೆ ಎಂದು ತಿಳಿದರೆ ಅಡಿಗಿಗೂ ಒಳ್ಳೆಯ ನೀರೇ ಬೇಕು. ಜಳಕ, ಬಟ್ಟಿ, ಭಾಂಡೆಗೆ ಬೋರಿನ ನೀರು ನಡೆಯುತ್ತದೆ. ಸಣ್ಣ ಮಕ್ಕಳ ಮನೆಯಲ್ಲಿ ಇದನ್ನು ಮುಂದೂಡಬಾರದು. ನಮ್ಮ ಕಾಯಂ ಹಲ್ಲುಗಳ ಮೇಲ್ಪದರು ಹೆಚ್ಚಾಗಿ ಎಂಟು ವರ್ಷದೊಳಗೆ ದವಡೆಯ ಒಳಗೇ ರೂಪುಗೊಳ್ಳುತ್ತದೆ. ನಿಮ್ಮ ಹಲ್ಲು ಆಗಲೇ ಬಂದಾಗಿದೆ. ಅಂಗನವಾಡಿಗೆ ಹೋಗುವ ನಿಮ್ಮ ತಮ್ಮ ತಂಗಿಯರ ಹಲ್ಲು ಈಗ ತಯಾರಾಗುತ್ತಿದೆ, ಇವತ್ತಿನ ಸಾರಿನ ನೀರಿನಿಂದ. ಹಾಲು, ಮಜ್ಜಿಗಿ, ಲಿಂಬಿ, ನೆಲ್ಲಿಕಾಯಿ ಅವರ ಊಟದಲ್ಲಿರಲಿ. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಸ್ವಲ್ಪ ಫ್ಲೋರೈಡನ್ನು ಹಿಡಿದುಹಾಕುತ್ತದೆ. ಬ್ಯಾಳಿಗೆ ಕಾಟ ಕೊಟ್ಟ ಕ್ಯಾಲ್ಸಿಯಂ ಇಲ್ಲಿ ನಮ್ಮ ಪಕ್ಷದಲ್ಲಿದೆ ನೋಡಿರಿ!

ಜಲ ಜೀವನ ಮಿಷನ್ 2019ರಲ್ಲಿ ಶುರುವಾದ ಮೇಲೆ ನೀರು ಪರೀಕ್ಷೆ ಮಾಡುವ ಕಿಟ್ಟುಗಳನ್ನು ಹಳ್ಳಿಗಳಿಗೆ ಕೊಟ್ಟು ಮಹಿಳೆಯರಿಗೆ ತರಬೇತಿ ನೀಡಲಾಗಿದೆ. ಫ್ಲೋರೈಡ್ ಪರೀಕ್ಷೆ ಕೂಡ ಬಣ್ಣದ ಆಟವೇ, ಅರಿಷಿಣದ ಹಾಗೆ. ಬಹಳಷ್ಟು ಕಿಟ್ಟುಗಳಲ್ಲಿ ಜಿರ್ಕೋನಿಯಂ ಎಂಬ ಲೋಹ ಕೂಡಿಸಿದ ಗುಲಾಬಿ ಬಣ್ಣದ ದ್ರಾವಣ ಇರುತ್ತದೆ. ಫ್ಲೋರೈಡ್ ಬಂದು ಆ ಲೋಹವನ್ನು ಬಣ್ಣದಿಂದ ಕಿತ್ತುಕೊಳ್ಳುತ್ತದೆ, ಗುಲಾಬಿ ಹೋಗಿ ಹಳದಿಯತ್ತ ತಿರುಗುತ್ತದೆ. ಎಷ್ಟು ಹಳದಿಯೋ ಅಷ್ಟು ಹೆಚ್ಚು ಫ್ಲೋರೈಡ್. ಅನುಮಾನ ಬಂದರೆ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಬೇಕು.

ಪಂಚಾಯ್ತಿಯವರನ್ನು ಕೇಳಿದ್ದೇನೆ, ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕಿಟ್ಟು ಶಾಲೆಗೆ ತರುತ್ತಾರೆ. ನಿಮ್ಮ ಮನೆಯಲ್ಲಿ ಅಡಿಗಿಗೆ ಬಳಸುವ ನೀರನ್ನೇ ತನ್ನಿರಿ, ಕುಡಿಯುವ ನೀರು ಬೇರೆಯಾಗಿದ್ದರೆ ಅದನ್ನೂ ತನ್ನಿರಿ. ಪ್ಲಾಸ್ಟಿಕ್ ಬಾಟ್ಲಿಯನ್ನು ಸಾಬೂನು ಹಚ್ಚದೆ ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿಸಬೇಕು. ಚೀಟಿಯ ಮೇಲೆ ಓಣಿಯ ಹೆಸರು, ಬೋರೋ ನಳವೋ ಬಾಂವಿಯೋ, ತುಂಬಿದ ದಿನಾಂಕ ಬರೆದು ಅಂಟಿಸಿರಿ. ಬಂದ ಫಲಿತಾಂಶವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ, ಓಣಿವಾರು ಬರೆದು ಹಚ್ಚುತ್ತೇವೆ.